ಸಸ್ಯ ಮಾಂಸವೂ ಬೇರೆ ತಟ್ಟೆಯೂ


ಮೊನ್ನೆ ಮೊಮ್ಮಗ ‘ಸಸ್ಯ ಮಾಂಸ’ದ ಪೊಟ್ಟಣ ತಂದು, “ಅಜ್ಜಾ, ಲಿಂಗಾಯತರು ಇದನ್ನ ತಿನ್ನಬಹುದಾ?” ಎಂದು ಕೇಳಿದ. ಹೆಸರು ಕೇಳಿಯೇ ಮನೆಯವರು ಮುಖ ಸಿಂಡರಿಸಿದರು. ನಾನು ಹಿಂಬದಿ ಓದಿದೆ: ಸೋಯಾ, ಬಟಾಣಿಯ ಪ್ರೋಟೀನು, ಎಣ್ಣೆ, ಉಪ್ಪು, ಬಣ್ಣಕ್ಕೆ ಬೀಟ್‌ರೂಟು. ಹಸಿರು ಚುಕ್ಕೆಯೂ ಇತ್ತು.

ನಾವು ಪಲಾವಿಗೆ ಹಾಕುವ ಸೋಯಾ ಚಂಕ್ಸ್ ಕೂಡ ಇದೇ ಬಗೆಯದು. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಯಂತ್ರದಲ್ಲಿ ಬಿಸಿ ಮಾಡಿ, ಒತ್ತಿ ತೆಗೆದದ್ದು. ಅದನ್ನು ತಿನ್ನುವ ನಮಗೆ ಇದರ ಹೆಸರಷ್ಟೇ ಹೇಸಿಗೆ.

ಆ ಹೇಸಿಗೆ ಮನುಷ್ಯರ ಮೇಲೂ ಹರಿಯುತ್ತದೆ. ಮಾಂಸಾಹಾರಿಯಾದ ಮೊಮ್ಮಗನ ಗೆಳೆಯ ಊಟಕ್ಕೆ ಬಂದಾಗ ನಮ್ಮ ಮನೆಯಲ್ಲೇ ಬೇರೆ ತಟ್ಟೆ ಇಟ್ಟರು. ನಾನು ಕಂಡೂ ಸುಮ್ಮನಿದ್ದೆ. ಸಸ್ಯಾಹಾರಕ್ಕೆ ದಯೆ ಮೂಲವಾಗಬೇಕು. ಮಡಿ ಮೂಲವಾದರೆ ಅದು ಬಸವಣ್ಣನವರು ಕಿತ್ತೊಗೆದ ಜಾತಿಯೇ.

ಮೊಮ್ಮಗನಿಗೆ ಹೇಳಿದೆ: “ಅಪರೂಪಕ್ಕೆ ತಿನ್ನಪ್ಪಾ, ಉಪ್ಪೆಷ್ಟಿದೆ ಓದಿ ತಿನ್ನು. ದಿನದ ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಇರಲಿ. ಅದರಲ್ಲಿ ನಮ್ಮ ರೈತನ ಕಾಯಕವಿದೆ. ಬರುವ ಸೋಮವಾರ ನಿನ್ನ ಗೆಳೆಯನನ್ನು ಕರೆ.”

ಅವನು ಬಂದ. ನನ್ನ ಪಕ್ಕದಲ್ಲೇ, ನಮ್ಮದೇ ತಟ್ಟೆಯಲ್ಲಿ ಪ್ರಸಾದ ಸ್ವೀಕರಿಸಿದ. ನಿಮ್ಮ ಮನೆಯಲ್ಲಿ ಬೇರೆ ತಟ್ಟೆ ಇದ್ದರೆ ಇಂದೇ ಒಳಗಿನ ತಟ್ಟೆಗಳೊಡನೆ ಸೇರಿಸಿ.