ಮತ್ತೆ ಹುಟ್ಟು ಹಿಡಿಯುವ ಮುನ್ನ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹಲವರು ಹೊಳೆಯ ದಂಡೆಯಲ್ಲಿ ಬೆಳೆದವರು. ಹುಡುಗತನದಲ್ಲಿ ದೋಣಿ ನಡೆಸಿದ ಕೈಗಳು ಇಂದು ಕಚೇರಿಯ ಮೇಜಿಗೂ ಹೋಟೆಲಿನ ತಟ್ಟೆಗೂ ಕಾರ್ಖಾನೆಯ ಯಂತ್ರಕ್ಕೂ ಒಗ್ಗಿಹೋಗಿವೆ. ರಜೆಯಲ್ಲಿ ಊರಿಗೆ ಹೋದಾಗ ನೀರು ಕಂಡೊಡನೆ ಹಳೆಯ ಹುರುಪು ಮರಳುತ್ತದೆ. ಈಗಂತೂ ಸಾಲಿಗ್ರಾಮದ ಹತ್ತಿರದ ಹಿನ್ನೀರಿನಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ, ಕಯಾಕ್ ಎಂಬ ಕಿರುದೋಣಿಯೂ ದೊರೆಯುತ್ತದೆ. ಮೊದಲ ದಿನವೇ ಎರಡು ಗಂಟೆ ಹುಟ್ಟು ಹಾಕಿ, ಮರುದಿನ ತಲೆ ಬಾಚಲೂ ತೋಳೆತ್ತಲಾರದೆ ಕುಳಿತರೆ ಗತಿಯೇನು? ದುಡಿದು ಉಣ್ಣುವ ನಮಗೆ ತೋಳೆಂದರೆ ತಿಂಗಳ ಸಂಬಳ. ಒಂದು ದಿನದ ನಲಿವಿಗಾಗಿ ಅದನ್ನು ಅಡವಿಡಲಾಗದು.

ಕಯಾಕ್ ಮೂಲತಃ ಉತ್ತರ ಧ್ರುವಪ್ರದೇಶದ ಇನ್ಯೂಯಿಟ್ ಮೊದಲಾದ ಜನರ ದೋಣಿ. ತೇಲಿಬಂದ ಮರ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲು ಹೊದಿಸಿ, ಅದರಲ್ಲಿ ಅವರು ಬೇಟೆಗೆ ಹೋಗುತ್ತಿದ್ದರು. ಅವರಿಗೆ ಅದು ಆಟವಲ್ಲ, ಕಾಯಕವೇ ಆಗಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅದು ಪದಕದ ಸ್ಪರ್ಧೆಯಾಯಿತು. ಅದರ ಹುಟ್ಟಿಗೆ ಎರಡು ತುದಿಯಲ್ಲಿಯೂ ಅಲಗು. ಆದುದರಿಂದ ಎರಡು ಹೆಗಲಿಗೂ ಬಿಡುವಿಲ್ಲದ ದುಡಿಮೆ.

ಹೆಗಲ ಕೀಲಿನ ರಚನೆಯನ್ನು ಸ್ವಲ್ಪ ನೋಡೋಣ. ತೊಡೆಯ ಕೀಲಿನಲ್ಲಿ ಎಲುಬಿನ ಗುಂಡು ಆಳವಾದ ಬಟ್ಟಲಿನೊಳಗೆ ಭದ್ರವಾಗಿ ಕುಳಿತಿದೆ. ಹೆಗಲಿನ ಬಟ್ಟಲಿಗೆ ಆಳವೇ ಇಲ್ಲ. ಅದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ. ಅದರಿಂದಲೇ ಸುಲಭವಾಗಿ ಕೀಲು ತಪ್ಪುತ್ತದೆ ಕೂಡ. ನಾಲ್ಕು ಸ್ನಾಯುಗಳು ಸುತ್ತುವರಿದು ಗುಂಡನ್ನು ಅದರ ಜಾಗದಲ್ಲಿ ಹಿಡಿದಿವೆ. ಬಹುಕಾಲ ದುಡಿಸದಿದ್ದರೆ ಇವು ಬಲಗುಂದುತ್ತವೆ. ಮತ್ತೆ ದುಡಿಸಿದಾಗ ಸ್ನಾಯು ಬೇಗ ಬಲಿಯುತ್ತದೆ. ಅದನ್ನು ಎಲುಬಿಗೆ ಬಿಗಿದ ಕಂಡರಗಳು ನಿಧಾನವಾಗಿ ಬಲಿಯುತ್ತವೆ. ನೋವೆಲ್ಲ ಹುಟ್ಟುವುದು ಹೆಚ್ಚಾಗಿ ಈ ಅಂತರದಲ್ಲಿಯೇ.

ಆದುದರಿಂದ ರಜೆಗೆ ಐದಾರು ವಾರ ಮೊದಲೇ ಸಿದ್ಧರಾಗೋಣ. ಇದಕ್ಕೆ ಕಾಸಿನ ಖರ್ಚಿಲ್ಲ. ಹಳೆಯ ಸೈಕಲ್ ಟ್ಯೂಬಿನ ತೆಳು ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಪಕ್ಕಕ್ಕೆ ನಿಂತು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ಮೆಲ್ಲನೆ ಹೊರಕ್ಕೆ ತಿರುಗಿಸಬೇಕು. ಗೋಡೆಗೆ ಅಂಗೈ ಊರಿ, ಮೈಯನ್ನು ಮುಂದಕ್ಕೆ ತಂದು ಹಿಂದಕ್ಕೆ ನೂಕಬೇಕು. ಒಂದೊಂದನ್ನೂ ಹತ್ತು ಹದಿನೈದು ಸಲ, ದಿನ ಬಿಟ್ಟು ದಿನ ಮಾಡಿದರೆ ಸಾಕು. ಬೆನ್ನಿನ ಹಲಗೆಯೆಲುಬುಗಳೆರಡನ್ನೂ ಹಿಂದಕ್ಕೆ ಕೂಡಿಸಿ ಬಿಡುವುದನ್ನು ಗುಮಾಸ್ತರು ಕುರ್ಚಿಯಲ್ಲಿ ಕುಳಿತೇ ಮಾಡಬಹುದು. ಯಾವುದರಲ್ಲಿಯೂ ನೋವಾಗಬಾರದು.

ನೀರಿಗಿಳಿದ ಮೇಲೆ ಮುಖ್ಯವಾದ ಮಾತು ಒಂದು: ಹುಟ್ಟನ್ನು ತೋಳಿನಿಂದ ಎಳೆಯಬಾರದು, ನಡುವಿನಿಂದ ತಿರುಗಿಸಬೇಕು. ನೆಟ್ಟಗೆ ಕುಳಿತು, ಕಾಲನ್ನು ಮುಂದಿನ ಆಧಾರಕ್ಕೆ ಒತ್ತಿ, ಎದೆಯನ್ನೇ ಅತ್ತಿತ್ತ ತಿರುಗಿಸಿದರೆ ಹೊಟ್ಟೆ ಬೆನ್ನುಗಳ ದೊಡ್ಡ ಸ್ನಾಯುಗಳು ಭಾರ ಹೊರುತ್ತವೆ. ಕೈಗಳು ಯಾವಾಗಲೂ ಎದೆಯ ಮುಂದಿರಲಿ, ಭುಜಕ್ಕಿಂತ ಮೇಲೇರದಿರಲಿ. ಹಿಂದಕ್ಕೆ ಹುಟ್ಟು ಹಾಕಬೇಕಾದಾಗ ಮೈಯನ್ನು ತಿರುಗಿಸಬೇಕೇ ಹೊರತು ತೋಳೊಂದನ್ನೇ ಹಿಂದಕ್ಕೆ ಚಾಚಬಾರದು. ದೋಣಿ ವಾಲಿದಾಗ ಗಾಬರಿಯಿಂದ ತೋಳನ್ನು ಮೇಲಕ್ಕೆತ್ತಿ ಹೊರಕ್ಕೆ ಬೀಸಿದರೆ ಕೀಲು ತಪ್ಪುವ ಭಯವುಂಟು. ಮೊಣಕೈ ಮೈಗೆ ಹತ್ತಿರವಿರಲಿ. ಹಿಡಿ ಸಡಿಲವಾಗಿರಲಿ. ತೇಲುಕವಚವಿಲ್ಲದೆ ಇಳಿಯಲೇಬಾರದು.

ಮೊದಲ ದಿನ ಇಪ್ಪತ್ತು ನಿಮಿಷ ಸಾಕು. ಮರುದಿನ ವಿಶ್ರಾಂತಿ. ನೋವಿಲ್ಲದಿದ್ದರೆ ಮುಂದಿನ ಸಲ ಸ್ವಲ್ಪ ಹೆಚ್ಚಿಸೋಣ. ಹೋಗುವಾಗ ಗಾಳಿಗೆದುರಾಗಿ ಹೋದರೆ, ದಣಿದು ಮರಳುವಾಗ ಗಾಳಿಯೇ ನೂಕುತ್ತದೆ. ದೋಣಿಯನ್ನು ದಡಕ್ಕೆತ್ತಲು ಇಬ್ಬರಿರಲಿ. ನೀರಿನಲ್ಲಿ ಉಳಿಸಿಕೊಂಡ ಹೆಗಲನ್ನು ದಡದಲ್ಲಿ ಕೆಡಿಸಿಕೊಳ್ಳುವುದು ಬೇಡ.

ಒಂದೆರಡು ದಿನದ ಮೈಕೈ ನೋವು ಸಹಜ. ಆದರೆ ಕೀಲಿನಲ್ಲಿ ಚುಚ್ಚುವ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಕೈ ಜೋಮು ಹಿಡಿಯುವುದು, ತೋಳೆತ್ತಲಾಗದಿರುವುದು, ಇವು ಕಂಡರೆ ವೈದ್ಯರ ಬಳಿಗೆ ಹೋಗಬೇಕು. ಕೀಲು ತಪ್ಪಿದರೆ ಯಾರ ಕೈಯಲ್ಲಿಯೂ ಎಳೆಸಿಕೊಳ್ಳದೆ, ತೋಳನ್ನು ಬಟ್ಟೆಯ ಜೋಲಿಯಲ್ಲಿಟ್ಟು, ನೇರವಾಗಿ ಆಸ್ಪತ್ರೆಗೆ ನಡೆಯಬೇಕು.

ಊರಿನ ನೀರು ಎಲ್ಲಿಗೂ ಓಡಿಹೋಗುವುದಿಲ್ಲ. ಈ ರಜೆಯಲ್ಲಿ ಹಿತಮಿತವಾಗಿ ಹುಟ್ಟು ಹಾಕಿದರೆ ಮುಂದಿನ ರಜೆಯಲ್ಲಿಯೂ ಹಾಕಬಹುದು. ನಡುವಿನ ಹನ್ನೊಂದು ತಿಂಗಳು ಕೆಲಸಕ್ಕೂ ಹೋಗಬಹುದು.