ಕಾಯಕದ ತೂಕವೂ ತೂಗುವವನ ಕೈಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಕಾಯಕವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿರುವದು. ಕಾಯಕದ ಹಿರಿಮೆಯನ್ನು ನೀವು ಬಹು ಸಲ ಕೇಳಿರುವಿರಿ. ಆದ್ದರಿಂದ ಇಂದು ಕಾಯಕನಿಷ್ಠನಿಗೆ ಒದಗುವ ಒಂದು ಸಂಕಟವನ್ನೇ ಎತ್ತಿಕೊಳ್ಳುವೆನು. ಕಳೆದ ಮಳೆಗಾಲದಲ್ಲಿ ಕಚೇರಿಯೊಂದರ ಗುಮಾಸ್ತರಾದ ಭಕ್ತರೊಬ್ಬರು ಮಠಕ್ಕೆ ಬಂದು, “ಅಯ್ಯನವರೇ, ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದೆನು. ಹೊಸ ಮೇಲಧಿಕಾರಿಯು ದ್ವೇಷದಿಂದ ನನ್ನನ್ನು ಅಯೋಗ್ಯನೆಂದು ಬರೆದಿರುವನು. ನೌಕರಿಯನ್ನೇ ಬಿಟ್ಟುಬಿಡಲೋ?” ಎಂದು ಕಣ್ಣೀರಿಟ್ಟರು. ನಾನು “ಸೈರಿಸಿರಿ” ಎಂದಷ್ಟೇ ಹೇಳಿ ಕಳುಹಿಸಿದೆನು. ಆ ಉತ್ತರವು ಸಾಲದೆಂಬುದು ಅವರು ಹೋದ ಮೇಲೆ ತಿಳಿಯಿತು. ಆ ಕೊರತೆಯನ್ನು ತುಂಬಿಸಲೆಂದೇ ಈ ಮಾತು.

ನಮ್ಮ ಸೀಮೆಯ ಅಡಿಕೆಯ ಬೆಳೆಗಾರನು ಮಾಲನ್ನು ತೂಗಿಸುವಾಗ ತಕ್ಕಡಿಯ ಎದುರಿಗೇ ನಿಲ್ಲುವನು. ಕಡಿಮೆಯೆನಿಸಿದರೆ ಮತ್ತೊಮ್ಮೆ ತೂಗೆನ್ನುವನು. ಅದನ್ನಾರೂ ಜಗಳವೆನ್ನುವದಿಲ್ಲ. ಆದರೆ ನೌಕರನ ವರ್ಷದ ದುಡಿಮೆಯನ್ನು ತೂಗುವ ವರದಿಯು ಬಹುಕಾಲ ಗುಪ್ತವಾಗಿಯೇ ಇದ್ದಿತು. ಪ್ರತಿಕೂಲವಾದ ಮಾತನ್ನು ಮಾತ್ರ ಅವನಿಗೆ ತಿಳಿಸುವ ವಾಡಿಕೆಯಿತ್ತು.

ಗಡಿರಸ್ತೆಗಳ ಇಂಜಿನಿಯರರಾಗಿದ್ದ ದೇವ ದತ್ತ ಎಂಬವರಿಗೆ 1993-94ರ ವರದಿಯಲ್ಲಿ “ಉತ್ತಮ” ಎಂದು ಬರೆದಿತ್ತು. ಬಡ್ತಿಗೆ “ಬಹಳ ಉತ್ತಮ” ಎಂಬ ಅಂಕಿತವು ಬೇಕಾಗಿತ್ತು. ನೋಡಿರಿ, ಹೊಗಳಿಕೆಯಂತೆ ತೋರುವ ಶಬ್ದವೇ ಬಡ್ತಿಯ ಬಾಗಿಲನ್ನು ಮುಚ್ಚಿತು. ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ಸುಪ್ರೀಂ ಕೋರ್ಟು 2008ರಲ್ಲಿ, ವರದಿಯ ಪ್ರತಿಯೊಂದು ಅಂಕಿತವನ್ನೂ ನೌಕರನಿಗೆ ತಿಳಿಸಬೇಕು, ಅವನ ಮನವಿಯನ್ನು ಕೇಳಬೇಕು ಎಂದು ತೀರ್ಪಿತ್ತಿತು. 2013ರಲ್ಲಿ ಸುಖದೇವ ಸಿಂಗರ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನೇ ಸ್ಥಿರಪಡಿಸಿತು. ಕೇಂದ್ರ ಸರಕಾರದ 2009ರ ಆಜ್ಞೆಯಂತೆ, ವರದಿಯು ಕೈಸೇರಿದ 15 ದಿವಸಗಳೊಳಗೆ ಅದರ ನೌಕರರು ಮನವಿಯನ್ನು ಸಲ್ಲಿಸಬಹುದು. ನಮ್ಮ ರಾಜ್ಯದ ನೌಕರರಿಗೂ ಇದಕ್ಕಾಗಿ ಪ್ರತ್ಯೇಕ ನಿಯಮಗಳಿರುವವು. 1986ರಲ್ಲಿ ಸ್ಥಾಪಿತವಾದ ರಾಜ್ಯ ಆಡಳಿತ ನ್ಯಾಯಮಂಡಳಿಯೂ ಇರುವದು.

ಲೆಕ್ಕವನ್ನು ಬಯಲಿಗಿಡುವ ಈ ಮಾರ್ಗವು ನಮಗೆ ಹೊಸತಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಕೊಂಡೆಯರು ದೂರಿತ್ತರೆಂದೂ, ಭಂಡಾರವನ್ನು ಎಣಿಸಿ ನೋಡಲಾಗಿ ಏನೂ ಕಡಿಮೆಯಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಅವರು ಮುನಿಸಿಕೊಂಡು ಕೆಲಸ ಬಿಡಲಿಲ್ಲ, ಕೊಂಡೆಯರನ್ನು ಬೈಯಲಿಲ್ಲ; ಲೆಕ್ಕವನ್ನೇ ಮಾತನಾಡಗೊಟ್ಟರು.

ಆದುದರಿಂದ ಇಂಥ ಸಂಕಟ ಬಂದವರು ಮೊದಲು ಒಂದು ರಾತ್ರಿ ಸುಮ್ಮನಿರಬೇಕು. ಬರೆದುದರಲ್ಲಿ ನಿಜವೆಷ್ಟೆಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು, ನಿಜವಿದ್ದಷ್ಟನ್ನು ತಿದ್ದಿಕೊಳ್ಳಬೇಕು. ಸುಳ್ಳಿಗೆ ತಾರೀಖು, ಆಜ್ಞೆ, ಕಾಗದಪತ್ರಗಳ ಸಹಿತ ಒಂದೊಂದು ವಾಕ್ಯಕ್ಕೂ ಉತ್ತರ ಬರೆಯಬೇಕು. ಅಧಿಕಾರಿಯ ಗುಣಾವಗುಣಗಳನ್ನು ಅದರಲ್ಲಿ ತರಬಾರದು. ವರದಿಯನ್ನು ಬರೆಯುವವನ ಮೇಲೆ ಪರಿಶೀಲಿಸುವವನೊಬ್ಬನಿರುವನು. ಕಾಗದವು ಅವನನ್ನು ಮುಟ್ಟಬೇಕು. ಅವಧಿಯು ಮೀರಬಾರದು. ಖಾಸಗಿ ಕಂಪನಿಗಳಲ್ಲಿ ದುಡಿಯುವ ಮಕ್ಕಳಿಗೆ ಈ ಸರಕಾರಿ ನಿಯಮಗಳ ಆಸರೆಯಿಲ್ಲ. ಅವರು ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು, ಮಾಡಿದ ಕೆಲಸವನ್ನು ದಿನದಿನವೂ ಬರೆದಿಡಬೇಕು.

ಇನ್ನು ತೂಗುವವರಿಗೆ ಒಂದು ಮಾತು. ನಾನೂ ತೂಗಿದವನೇ. ಹರೆಯದಲ್ಲಿ ಪಾಠಶಾಲೆಯಲ್ಲಿ ಕಲಿಸುತ್ತಿರುವಾಗ, ಸಂಧಿಯನ್ನು ಬಿಡಿಸುವದರಲ್ಲಿ ನನ್ನ ತಪ್ಪನ್ನು ತೋರಿಸಿದ ಹುಡುಗನೊಬ್ಬನನ್ನು ವರ್ಷಾಂತ್ಯದ ಪಟ್ಟಿಯಲ್ಲಿ “ಉದ್ಧಟ, ಮಂದಮತಿ” ಎಂದು ಬರೆದೆನು. ನಮ್ಮ ಹಿರಿಯ ಶಾಸ್ತ್ರಿಗಳು ಅದನ್ನೋದಿ, “ಇದು ಹುಡುಗನ ಗುಣವೋ, ನಿಮ್ಮ ಕೋಪವೋ?” ಎಂದರು. ನಾನು ಹೊಡೆದುಹಾಕಿ ಮತ್ತೆ ಬರೆದೆನು. ಅವರು ಓದದೆ ಇದ್ದಿದ್ದರೆ ಆ ಹುಡುಗನ ವಿದ್ಯೆಯು ಅಲ್ಲಿಗೇ ನಿಲ್ಲುತ್ತಿತ್ತು. ನಿಮ್ಮಲ್ಲಿ ಅಧಿಕಾರಿಗಳೂ ಮುಖ್ಯಾಧ್ಯಾಪಕರೂ ಇರುವಿರಿ. ಲೇಖನಿಯನ್ನು ಎತ್ತುವ ಮೊದಲು ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ.

ಅಂದು ಬಂದಿದ್ದ ಭಕ್ತರು ಈ ಸಭೆಯಲ್ಲಿರುವರೋ ಇಲ್ಲವೋ ಅರಿಯೆನು. ಇದ್ದರೆ, ಅಂದು ಹೇಳದೆ ಉಳಿಸಿದುದನ್ನು ಇಂದು ಹೇಳಿರುವೆನು: ನೌಕರಿಯನ್ನು ಬಿಡಬೇಡಿರಿ; ಮನವಿಯನ್ನು ಬರೆಯಿರಿ. ಬರೆಯಲು ನೆರವು ಬೇಕಾದರೆ ಮಠಕ್ಕೆ ಬನ್ನಿರಿ, ಕೂಡಿ ಕುಳಿತು ಬರೆಯುವಾ.