ಸಂಚಕಾರ ಕೊಡುವ ಮುನ್ನ ಕನ್ನಡದಲ್ಲಿ ಕೇಳಿ!

(ಸವದತ್ತಿ ತಾಲ್ಲೂಕಿನ ಚಚಡಿಯಲ್ಲಿ, ನೌಕರಿಯ ಊರುಗಳಿಂದ ಹಬ್ಬಕ್ಕೆ ಬಂದಿದ್ದ ಯುವಜನರ ಮುಂದೆ ಆಡಿದ ಮಾತುಗಳ ಬರಹರೂಪ)



ದೇಸಾಯರ ವಾಡೆಯ ನೆರಳಲ್ಲಿ ಆಡಿ ಬೆಳೆದವರು ನೀವು. ಇಂದು ನಿಮಗೆ ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟು ಸಿಕ್ಕರೆ ಅದೇ ವಾಡೆ. ತಪ್ಪೇನಿಲ್ಲ. ಸ್ವಂತ ಸೂರು ಯಾರಿಗೆ ಬೇಡ? ಆದರೆ ಆ ಸೂರಿಗೆ ಹಣ ಎಲ್ಲಿಂದ ಬರುತ್ತದೆ? ನಿಮ್ಮ ಸಂಬಳದಿಂದ ಒಂದಿಷ್ಟು, ಬ್ಯಾಂಕಿನ ಸಾಲದಿಂದ ಬಹಳಷ್ಟು. ಅದೂ ಸಾಲದೇ ಹೋದಾಗ ಅಪ್ಪನ ಎರೆಹೊಲದ ಮೇಲೆ ಕಣ್ಣು ಬೀಳುತ್ತದೆ. ಜೋಳ, ಹತ್ತಿ ಬೆಳೆದ ಎರಡೆಕರೆ ಹೋಗಿ ಹದಿನಾಲ್ಕನೇ ಮಹಡಿಯ ಒಂದು ಬಾಲ್ಕನಿ ಬರುತ್ತದೆ. ಅದಾದರೂ ಬಂತೇ ಎಂಬುದೇ ನನ್ನ ಪ್ರಶ್ನೆ.

ಭಾನುವಾರದ ಆ ಜಾತ್ರೆಯನ್ನು ನೀವು ನೋಡಿಯೇ ಇದ್ದೀರಿ. ಬಿಟ್ಟಿ ಬಸ್ಸು, ಚಹಾ, ಸಮೋಸಾ, ಟೈ ಕಟ್ಟಿದ ಹುಡುಗ. ಮಾದರಿ ಮನೆಗೆ ಕರೆದೊಯ್ಯುತ್ತಾನೆ. ತಂಪು ಗಾಳಿ, ಹಳದಿ ಬೆಳಕು, ಗೋಡೆಯ ತುಂಬ ಕನ್ನಡಿ. ಎಷ್ಟೋ ಕಡೆ ಮಂಚವನ್ನೇ ಅಳತೆಗಿಂತ ಚಿಕ್ಕದಾಗಿ ಮಾಡಿಸಿರುತ್ತಾರೆ, ಕೋಣೆ ದೊಡ್ಡದಾಗಿ ಕಾಣಲೆಂದು! ಬಾಗಿಲನ್ನೇ ಕೂಡಿಸಿರುವುದಿಲ್ಲ. ಮುಂದಿನ ಸಲ ಹೋಗುವಾಗ ಜೇಬಿನಲ್ಲಿ ಒಂದು ಅಳತೆ ಟೇಪು ಇಟ್ಟುಕೊಂಡು ಹೋಗಿ. ಅದನ್ನು ಹೊರತೆಗೆದ ಕ್ಷಣ ಆ ಹುಡುಗನ ಮುಖ ನೋಡಿ.

"ಇವತ್ತೇ ಬುಕ್ ಮಾಡಿ ಸಾರ್, ನಾಳೆ ರೇಟು ಏರುತ್ತೆ" ಎನ್ನುತ್ತಾನೆ. ಇಂಗ್ಲಿಷಿನ ಒಂದು ಕಟ್ಟು ಕಾಗದ ಮುಂದಿಡುತ್ತಾನೆ. "ಎಲ್ಲರಿಗೂ ಇದೇ ಫಾರ್ಮ್ಯಾಟು, ಕೊನೇ ಪುಟದಲ್ಲಿ ಸೈನ್ ಹಾಕಿ." ಕಂಪ್ಯೂಟರ್ ಕಲಿತ, ಇಂಗ್ಲಿಷ್ ಬಲ್ಲ ನಮ್ಮ ಹುಡುಗ ಓದದೆ ಸಹಿ ಹಾಕುತ್ತಾನೆ. ಅರ್ಥವಾಗಲಿಲ್ಲ ಎಂದರೆ ಮರ್ಯಾದೆ ಹೋಗುತ್ತದಂತೆ!

ಗೆಳೆಯರೇ, 1956ಕ್ಕೆ ಮುಂಚೆ ನಮ್ಮ ಈ ಭಾಗ ಮುಂಬೈ ಆಡಳಿತದಲ್ಲಿತ್ತು. ಇಲ್ಲಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಾಗದಗಳು ಇಂದಿಗೂ ಸಿಗುತ್ತವೆ. ಅದನ್ನು ಓದಲು ಬಾರದ ರೈತ, ತನ್ನ ಹೊಲದ ಕಾಗದವನ್ನೇ ಕೈಯಲ್ಲಿ ಹಿಡಿದು ಓದಬಲ್ಲವನ ಮುಂದೆ ನಿಲ್ಲಬೇಕಿತ್ತು. ಅವನು ಹೇಳಿದ್ದೇ ವೇದವಾಕ್ಯ. ಇಂದು ಬಿಲ್ಡರನ ಇಂಗ್ಲಿಷೇ ಹೊಸ ಮೋಡಿ. ಅಜ್ಜನಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ.

ಏನದು? 1908ರ ನೋಂದಣಿ ಕಾಯ್ದೆಯ 19ನೇ ಕಲಮು ಏನು ಹೇಳುತ್ತದೆ? ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರಕ್ಕೆ ಮಾತ್ರ ಅನುವಾದ ಬೇಕು. ಕರ್ನಾಟಕದಲ್ಲಿ ಕನ್ನಡಕ್ಕೆ ಆ ತೊಡಕು ಎಲ್ಲಿಂದ ಬರಬೇಕು? ಖರೀದಿ ಪತ್ರ ಕನ್ನಡದಲ್ಲಿ ಬರೆಸಬಹುದು. ಸಂಚಕಾರದ ಕರಾರೂ ಕನ್ನಡದಲ್ಲಿರಬಹುದು. ಸಾಲದ ಮಾತೂ ಅಷ್ಟೇ. ಗೃಹಸಾಲ ಕೊಡುವಾಗ ಬಡ್ಡಿ, ಶುಲ್ಕ, ಕಂತುಗಳನ್ನೆಲ್ಲ ಒಂದೆಡೆ ಬರೆದ 'ಕೆ.ಎಫ್.ಎಸ್.' ಎಂಬ ಹಾಳೆಯನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು, ವಿವರಿಸಿ ಹೇಳಬೇಕು ಎಂದು ರಿಸರ್ವ್ ಬ್ಯಾಂಕು 2024ರಲ್ಲಿ ಆದೇಶಿಸಿದೆ. ಎಷ್ಟು ಜನ ಕನ್ನಡದಲ್ಲಿ ಕೊಡಿ ಎಂದು ಕೇಳಿದ್ದೀರಿ? ಕೈ ಎತ್ತಿ ನೋಡೋಣ. ಕೇಳದವನಿಗೆ ಯಾರೂ ಕರೆದು ಕೊಡುವುದಿಲ್ಲ.

ಇನ್ನು ಏಜೆಂಟರ ವಿಷಯ. ಎಲ್ಲ ಏಜೆಂಟರೂ ಕಳ್ಳರಲ್ಲ. ದಲಾಲಿ ಹಳೆಯ ಕಸುಬು. ಎಪಿಎಂಸಿಯಲ್ಲಿ ನಿಮ್ಮ ಹತ್ತಿ ಮಾರಿಸುವವನೂ ದಲಾಲನೇ. ಆದರೆ ಮನೆ ತೋರಿಸುವವನು ಯಾರ ದುಡ್ಡು ತಿನ್ನುತ್ತಾನೆ? ಬಿಲ್ಡರನಿಂದ ಕಮಿಷನ್ನು ಬರುತ್ತಿದ್ದರೆ ಅವನು ಬಿಲ್ಡರನ ಮನುಷ್ಯ, ನಿಮ್ಮವನಲ್ಲ. ಇದನ್ನು ಮುಖಕ್ಕೆ ಮುಖ ಕೊಟ್ಟು ಕೇಳಿ. 2016ರ ರೇರಾ ಕಾಯ್ದೆಯಡಿ ನೋಂದಾಯಿತ ಯೋಜನೆಯ ಮನೆ, ಪ್ಲಾಟು ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿರಬೇಕು. ನೋಂದಣಿಯಾಗಬೇಕಿದ್ದೂ ಆಗದ ಯೋಜನೆಯ ಮನೆಯನ್ನು ಅವನು ತೋರಿಸಿ ಮಾರಿಸುವಂತೆಯೇ ಇಲ್ಲ. ಜಾಗ 500 ಚದರ ಮೀಟರು ದಾಟಿದರೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಐದು ಗುಂಟೆ, ಮತ್ತು ಮನೆಗಳು ಎಂಟಕ್ಕಿಂತ ಹೆಚ್ಚಾದರೆ ನೋಂದಣಿ ತಪ್ಪಿಸುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಅಲ್ಲೇ ನಿಂತು ನೋಡಿ. "ಅಪ್ಲೈ ಮಾಡಿದ್ದೇವೆ ಸಾರ್" ಎಂದರೆ ಬಸ್ಸು ಹತ್ತಿ ವಾಪಸು ಬನ್ನಿ.

ಅದೇ ಕಾಯ್ದೆಯ 12ನೇ ಕಲಮನ್ನು ಯಾರೂ ನಿಮಗೆ ಹೇಳುವುದಿಲ್ಲ. ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಹಣ ಕೊಟ್ಟಿರಿ, ಅದರಲ್ಲಿ ಹೇಳಿದ್ದು, ತೋರಿಸಿದ್ದು ಸುಳ್ಳಾಯಿತು ಎಂದುಕೊಳ್ಳಿ. ನೀವು ಹಿಂದೆ ಸರಿದರೆ ಕೊಟ್ಟ ಹಣವೆಲ್ಲ ಬಡ್ಡಿಸಮೇತ ವಾಪಸು ಬರಬೇಕು. ಆದ್ದರಿಂದ ಆ ಬಣ್ಣದ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಮಾದರಿ ಮನೆಯ ಫೋಟೋ ತೆಗೆದಿಡಿ. ಹಾಗೆಯೇ 13ನೇ ಕಲಮು: ಕರಾರನ್ನು ನೋಂದಣಿ ಮಾಡಿಸದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಇಪ್ಪತ್ತು ಕೇಳಿದರೆ ಅವನು ಕಾನೂನು ಮುರಿಯುತ್ತಿದ್ದಾನೆ ಎಂದೇ ತಿಳಿಯಿರಿ. ಬೆಲೆಯ ಮಾತು ಬಂದಾಗ ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿ. 'ಸೂಪರ್ ಬಿಲ್ಟಪ್' ಎಂಬುದರಲ್ಲಿ ಲಿಫ್ಟು, ಮೆಟ್ಟಿಲು, ಮೊಗಸಾಲೆ ಎಲ್ಲವೂ ಸೇರಿರುತ್ತದೆ. ಮೆಟ್ಟಿಲ ಮೇಲೆ ಮಂಚ ಹಾಕಲಾದೀತೇ?

ಬೆಂಗಳೂರು ಬೇಡ, ಬೆಳಗಾವಿ, ಧಾರವಾಡದಲ್ಲೇ ಪ್ಲಾಟು ಹಿಡಿಯುತ್ತೇವೆ ಎನ್ನುವವರೂ ಇಲ್ಲಿದ್ದೀರಿ. ಅಲ್ಲಿಯ ಗಂಡಾಂತರ ಬೇರೆ. ಹೊಲಕ್ಕೆ ನಾಲ್ಕು ಕಲ್ಲು ನೆಟ್ಟು, ಕೆಂಪು ಮಣ್ಣಿನ ರಸ್ತೆ ಎಳೆದು, "ಎನ್.ಎ. ಆಗೇಬಿಟ್ಟದ ರೀ" ಎನ್ನುತ್ತಾರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಆದೇಶ ತೋರಿಸಿ ಎನ್ನಿ. ಬಾಂಡ್ ಪೇಪರು, ಮುಖತ್ಯಾರ ಪತ್ರಗಳಿಂದ ಜಮೀನು ನಿಮ್ಮದಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಖಂಡಿತವಾಗಿ ಹೇಳಿದೆ. ನಾವು ಉತಾರ ಎನ್ನುವ, ಬೆಂಗಳೂರಿನವರು ಪಹಣಿ ಎನ್ನುವ ಆ ಹಾಳೆಯನ್ನು ತೆಗೆಸಿ. 11ನೇ ಕಾಲಮ್ಮು ನೋಡಿ. ಇತರರ ಹಕ್ಕು, ಸೊಸೈಟಿಯ ಸಾಲ, ಬ್ಯಾಂಕಿನ ಬೋಜಾ ಅಲ್ಲಿ ಕೂತಿರುತ್ತದೆ. ಜೊತೆಗೆ 30 ವರ್ಷದ ಋಣಭಾರ ಪತ್ರ ತೆಗೆಸಿ.

ಒಂದು ಸಂಗತಿ ಗಮನಿಸಿದಿರಾ? ಬಣ್ಣದ ಪುಸ್ತಕ ಇಂಗ್ಲಿಷಿನಲ್ಲಿದೆ. ನೆಲದ ಹಣೆಬರಹ ಹೇಳುವ ಉತಾರ ಮಾತ್ರ ಅಚ್ಚಗನ್ನಡದಲ್ಲಿದೆ! ಅದನ್ನು ಓದಬಲ್ಲವರು ಆ ಟೈ ಹುಡುಗನಲ್ಲ, ನೀವು. ಇಂಗ್ಲಿಷ್ ಶಾಲೆಯಲ್ಲಿ ಓದಿ ಉತಾರ ಓದಲು ತಡವರಿಸುವವರು ಇಲ್ಲಿದ್ದರೆ ಅಪ್ಪನ ಪಕ್ಕದಲ್ಲಿ ಕೂತು ಕಲಿಯಿರಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅಪ್ಪನಿಗೆ ಹಿಸ್ಸೆ, ಚಕ್ಕುಬಂದಿ, ವರ್ಧಿ ಎಲ್ಲ ಗೊತ್ತು. ಮನೆ ನೋಡಲು ಹೋಗುವಾಗ ಹೆಂಡತಿಯನ್ನು ಕರೆದೊಯ್ಯುತ್ತೀರಿ, ಗೆಳೆಯರನ್ನು ಕರೆದೊಯ್ಯುತ್ತೀರಿ. ಧೋತರ ಉಟ್ಟ ಅಪ್ಪನನ್ನು ಯಾಕೆ ಬಿಟ್ಟುಹೋಗುತ್ತೀರಿ? ಹಣ ಅವನ ಹೊಲದ್ದಲ್ಲವೇ?

ಈಗಾಗಲೇ ಕಾಗದಗಳನ್ನು ತಂದಿರುವವರು ಮುಂದೆ ಬನ್ನಿ. ವಕೀಲ ಮಿತ್ರರೊಬ್ಬರು ಇಲ್ಲೇ ಇದ್ದಾರೆ. ಸಂಜೆಯ ಬಸ್ಸಿಗೆ ಇನ್ನೂ ಸಮಯವಿದೆ, ಒಂದೊಂದಾಗಿ ಓದೋಣ.